ಟೆಕ್ಸಾಸಿನ ಲೋಮಾ: ದಿಬ್ಬಕ್ಕಷ್ಟೇ ಬೇಲಿ ಹಾಕಿದರೆ ಆಮೆ ಉಳಿಯುತ್ತಾ?

ತೆಂಕಣಗಾಳಿ:
ರಿಯೋ ಗ್ರಾಂಡೆ ನದಿ ಕಡಲು ಸೇರುವ ಮೂಲೆಯಲ್ಲಿ, ಟೆಕ್ಸಾಸಿನ ಕ್ಯಾಮೆರಾನ್ ಕೌಂಟಿಯ ಕರಾವಳಿ ಉದ್ದಕ್ಕೂ ಜೇಡಿಮಣ್ಣಿನ ದಿಬ್ಬಗಳಿವೆ. ಅಲ್ಲಿಯವರ ಬಾಯಲ್ಲಿ ಲೋಮಾ. ಸುತ್ತ ಉಪ್ಪುಗಟ್ಟಿದ ಚಪ್ಪಟೆ ಬಯಲು, ನಡುವೆ ಕೆಲವು ಕಡೆ 8-9 ಮೀಟರ್‌ವರೆಗೂ ಎದ್ದ ದಿಬ್ಬ, ಮೇಲೆ ಮುಳ್ಳುಪೊದೆ. ಟೆಕ್ಸಾಸ್ ಆಮೆ, ಅಂದ್ರೆ ಗೋಫೆರಸ್ ಬರ್ಲಾಂಡಿಯೇರಿ, ಇಲ್ಲಿ ಚೆನ್ನಾಗಿ ನೆಲೆ ನಿಂತಿರೋ ಪ್ರಾಣಿ. ಗೋಫೆರಸ್ ಕುಲದಲ್ಲೇ ಚಿಕ್ಕದು. 1977ರಿಂದ ಟೆಕ್ಸಾಸ್ ರಾಜ್ಯದ ಅಪಾಯದ ಪಟ್ಟಿಯಲ್ಲಿದೆ.

ಈಗ ಪ್ರಶ್ನೆ. ಬಂದರು, ಹೆದ್ದಾರಿ, ಬಡಾವಣೆ, ಬೋಕಾ ಚಿಕಾದ ರಾಕೆಟ್ ನೆಲೆ ಅಂತ ಸುತ್ತಲಿನ ಜಾಗ ಕರಗ್ತಾ ಇದೆ. ಇಂಥ ಕಡೆ ಯಾವಾಗಲೂ ಒಂದು ವಾದ ಬರುತ್ತೆ: "ಆಮೆ ಇರೋದು ದಿಬ್ಬದ ಮೇಲೆ. ದಿಬ್ಬಕ್ಕೆ ಬೇಲಿ ಹಾಕಿ ಬಿಟ್ಟುಬಿಡೋಣ. ಬಯಲು ಬರಡು, ಅದನ್ನ ಬಳಸ್ಕೊಳ್ಳೋಣ." ನನಗೆ ಇದು ಒಪ್ಪಿಗೆ ಇಲ್ಲ. ಆದ್ರೆ ಭಾವನೆ ಬೇಡ. ಮಣ್ಣಿನ ಕಡೆಯಿಂದ ಒಂದು ವಾದ, ಆಮೆ ಕಡೆಯಿಂದ ಒಂದು ವಾದ ಬೇಕು, ಅಳತೆ ಸಮೇತ.

ಜೇಡಿ_ಹದ:
ಬಯಲು ಬರಡು ಅನ್ನೋರಿಗೆ ದಿಬ್ಬ ಎಲ್ಲಿಂದ ಬಂತು ಅಂತ ಕೇಳಿ. ಆ ಬಯಲೇ ದಿಬ್ಬದ ತಾಯಿ.

ನಡೆಯೋದು ಹೀಗೆ. ಲಗೂನಾ ಮಾದ್ರೆ ಹಿನ್ನೀರಲ್ಲಿ ಚಂದ್ರನ ಉಬ್ಬರ-ಇಳಿತ ತೀರಾ ಕಮ್ಮಿ, ಬಯಲಿಗೆ ನೀರು ತಳ್ಳೋದೂ ವಾಪಸ್ ಎಳೆಯೋದೂ ಹೆಚ್ಚಾಗಿ ಗಾಳಿ. ಒಣ ತಿಂಗಳುಗಳಲ್ಲಿ ನೀರು ಸರಿದು ಕೆಸರು ಬಿರುಕು ಬಿಡುತ್ತೆ. ಮೇಲ್ಪದರದಲ್ಲಿ ಉಪ್ಪು ಹರಳುಗಟ್ಟುತ್ತೆ. ಹರಳು ಬೆಳೀತಾ ಜೇಡಿಯ ಪದರವನ್ನ ಒಡೆದು ರವೆಯಷ್ಟು ಸಣ್ಣ ಕಾಳು ಮಾಡುತ್ತೆ. ಒಂದೊಂದು ಕಾಳೂ ಜೇಡಿ ಕಣಗಳ ಗಂಟೇ, ಆದ್ರೆ ಗಾತ್ರ ಮರಳಿನದ್ದು, ಹಾಗಾಗಿ ಗಾಳಿಗೆ ಮರಳಿನ ಹಾಗೇ ಜಿಗಿಜಿಗಿದು ಓಡುತ್ತೆ. ಅಲ್ಲಿ ಗಾಳಿ ಬಹುಪಾಲು ಆಗ್ನೇಯದಿಂದ. ಬಯಲಿನ ವಾಯವ್ಯ ಅಂಚಲ್ಲಿ ಹುಲ್ಲು, ಉಪ್ಪುಗಿಡ ಸಿಕ್ಕಿದ್ರೆ ಕಾಳು ಅಲ್ಲೇ ತಡೆದು ನಿಲ್ಲುತ್ತೆ. ಮಳೆ ಬಂದಾಗ ಉಪ್ಪು ಕರಗಿ ಇಳಿಯುತ್ತೆ, ಕಾಳು ಕರಗಿ ಒಂದಕ್ಕೊಂದು ಅಂಟಿ ಗಟ್ಟಿ ಜೇಡಿ ಆಗುತ್ತೆ. ಮುಂದಿನ ಒಣಗಾಲಕ್ಕೆ ಇನ್ನೊಂದು ತೆಳು ಪದರ.

ಇದಕ್ಕೆ ನಾಲ್ಕೂ ಒಟ್ಟಿಗೆ ಬೇಕು: ಜೇಡಿ ಇರುವ ಬಯಲು, ಉಪ್ಪು, ಸರದಿ ಪ್ರಕಾರ ನೆನೆಯೋದು-ಒಣಗೋದು, ಒಂದೇ ದಿಕ್ಕಿನ ಜೋರು ಗಾಳಿ. ಒಂದು ತಪ್ಪಿದ್ರೂ ದಿಬ್ಬಕ್ಕೆ ಹೊಸ ಮಣ್ಣು ಬರಲ್ಲ.

ಕುಡ್ಲದ_ಕಡಲು:
ಹಾಗಾದ್ರೆ ಇದು ಮರಳು ದಿಬ್ಬದ ಹಾಗೆ ಸರಿದುಕೊಂಡು ಹೋಗುದಿಲ್ವಾ ಮಾರಾಯ್ರೆ?

ಜೇಡಿ_ಹದ:
ಇಲ್ಲ. ಎದುರಿಗೇ ಇರೋ ಪಾದ್ರೆ ದ್ವೀಪದ ಮರಳು ದಿಬ್ಬ ಗಿಡ ಕಳಚಿದರೆ ಸರಿಯುತ್ತೆ. ಲೋಮಾ ಮೊದಲ ಮಳೆಗೇ ಕೂತಲ್ಲೇ ಅಂಟಿಕೊಳ್ಳುತ್ತೆ. ಅದಕ್ಕೇ ಅದರ ಇಳಿಜಾರು ಸೌಮ್ಯ, ಮರಳು ದಿಬ್ಬದ ಹಾಗೆ ಒಂದು ಮಗ್ಗುಲು ಕಡಿದಾಗಿ ಜಾರಲ್ಲ. ಒಂದೇ ಜಾಗದಲ್ಲಿ ಸಾವಿರಾರು ವರ್ಷ ಬೆಳೆದಿರೋದರಿಂದಲೇ ಅದರ ಮೇಲೆ ಹಳೇ ಮುಳ್ಳುಕಾಡು ಬೇರುಬಿಟ್ಟಿದೆ.

ಇನ್ನೊಂದು ಮಾತು. ಸವೆದ ಲೋಮಾಗೆ ಮರಳು ತಂದು ಸುರಿಯೋ ಐಡಿಯಾ ಯಾರಾದ್ರೂ ಕೊಟ್ಟರೆ ಬೇಡ ಅನ್ನಿ. ಮರಳು ನೀರು ಹಿಡಿಯೋದು, ಬಿಡೋದು, ಬಿಸಿಯಾಗೋದು ಎಲ್ಲಾ ಬೇರೆ. ಕೆಳಗಿನ ಜೇಡಿ ಪದರದ ಮೇಲೆ ನೀರು ನಿಂತು ಅಡ್ಡ ಹರಿದು ಮರಳನ್ನ ಕೊಚ್ಚಿಕೊಂಡು ಹೋಗುತ್ತೆ.

ಮೂಡಣ_ಮೈದಾನ:
ಹಡಗು ಕಾಲುವೆ ಪಕ್ಕ ಹೂಳೆತ್ತಿ ಸುರಿದ ಗುಡ್ಡೆಗಳೂ ದೂರದಿಂದ ಲೋಮಾ ಹಾಗೇ ಕಾಣ್ತವೆ. ನಕ್ಷೆಯಲ್ಲಿ ಎರಡನ್ನೂ ಒಂದೇ ಬಣ್ಣಕ್ಕೆ ಹಾಕಿದ್ರೆ ಲೆಕ್ಕ ಪೂರಾ ಕೆಡುತ್ತೆ. ಜಾಗದಲ್ಲೇ ಗುರುತು ಹಿಡಿಯೋದು ಹೇಗೆ?

ಜೇಡಿ_ಹದ:
ಕೈಗುದ್ದಲಿಯಿಂದ ಒಂದು ಮೊಳ ಆಳದ ನೇರ ಗೋಡೆ ಕೊಯ್ದು 10 ಪಟ್ಟು ಮಸೂರದಲ್ಲಿ ನೋಡಿ. ಲೋಮಾದಲ್ಲಿ ತೆಳು ಪದರಗಳು, ಕಾಳುಕಾಳಾದ ಜೇಡಿ, ಗಂಟುಗಂಟು ಸುಣ್ಣ ಕಾಣುತ್ತೆ. ವಿನೆಗರ್ ಎರಡು ಹನಿ ಹಾಕಿದ್ರೆ ನೊರೆ ಬರುತ್ತೆ. ಹೂಳಿನ ಗುಡ್ಡೆಯಲ್ಲಿ ಪದರ ಇರಲ್ಲ, ಕಪ್ಪೆಚಿಪ್ಪು, ಕಪ್ಪು ಕೆಸರಿನ ಉಂಡೆ, ಮರಳು ಎಲ್ಲಾ ಕಲಸುಮೇಲೋಗರ.

ಒಣಗಿದ ಒಂದು ಹೆಂಟೆಯನ್ನ ಲೋಟದ ನೀರಿಗೆ ಬಿಡಿ. ಲೋಮಾ ಮಣ್ಣು ಅಂಚಿನಿಂದ ಕುಸಿದು ಬುಡದಲ್ಲಿ ಗುಪ್ಪೆಯಾಗುತ್ತೆ. ನೀರು ಹಾಲಿನಂತೆ ಕದಡಿ ಗಂಟೆಗಟ್ಟಲೆ ತಿಳಿಯಾಗದಿದ್ರೆ ಸೋಡಿಯಂ ಜಾಸ್ತಿ ಅಂತ ಅರ್ಥ. ಅಂಥ ಕಡೆ ಜೆಸಿಬಿ ಒಂದು ಗೀರು ಹಾಕಿದ್ರೂ ಮುಂದಿನ ಜೋರು ಮಳೆಗೆ ಅದು ಕೊರಕಲು. ಅಮೆರಿಕದ ಮಣ್ಣಿನ ನಕ್ಷೆಗಳಲ್ಲಿ ಈ ದಿಬ್ಬಗಳ ಮಣ್ಣನ್ನ ಪಾಯಿಂಟ್ ಇಸಬೆಲ್ ಸರಣಿ ಅಂತ ಗುರುತಿಸ್ತಾರೆ. ಅದನ್ನ ಮೊದಲು ನೋಡಿಕೊಂಡು ಆಮೇಲೆ ಗುದ್ದಲಿ ಹಿಡೀರಿ.

ಪೊದೆಗಾವಲು:
ಮಣ್ಣಿನ ವಾದ ಆಯ್ತು, ಆಮೆಗೆ ಬರೋಣ. ಜೇಡಿ ಗಟ್ಟಿ, ಆದ್ದರಿಂದ ಆಮೆ ಬಿಲ ತೋಡಲ್ಲ. ಪೊದೆ ಬುಡದಲ್ಲಿ ಸುಮ್ಮನೆ ಕೆರೆದು ಕೂರುತ್ತೆ. ಅಂದ್ರೆ ಪೊದೆ ಹೋದ್ರೆ ಮನೆಯೇ ಹೋಯ್ತು. ವಾದ ಇಷ್ಟು ಸರಳ.

ಚಿಪ್ಪು_ಅಳತೆ:
ಕೊನೇ ಮಾತು ಸರಿ, ಕಾರಣ ಸರಿಯಿಲ್ಲ ಸರ್. ಒಳನಾಡಿನಲ್ಲಿ ಮರಳು ಮಿಶ್ರಿತ ಸಡಿಲ ಮಣ್ಣಿದ್ದ ಕಡೆಯೂ ಈ ಆಮೆ ಉದ್ದ ಬಿಲ ತೋಡೋದು ಅಪರೂಪ, ಬೇರೆ ಪ್ರಾಣಿ ತೋಡಿಟ್ಟ ಬಿಲದಲ್ಲಿ ಬೇಕಾದ್ರೆ ನುಗ್ಗುತ್ತೆ. ಫ್ಲಾರಿಡಾದ ಗೋಫರ್ ಆಮೆ ಮೀಟರುಗಟ್ಟಲೆ ಸುರಂಗ ಹೊಡೆಯುತ್ತೆ, ಇದು ಆ ಜಾತಿ ಅಲ್ಲ. ಜೇಡಿ ಗಟ್ಟಿ ಅನ್ನೋದು ಒಂದು ಒತ್ತಾಸೆ ಅಷ್ಟೆ, ಮೂಲ ಕಾರಣ ಪ್ರಾಣಿಯ ಸ್ವಭಾವ.

ಆ ಕೆರೆದ ಜಾಗ ಹೇಗಿರುತ್ತೆ ಅಂದ್ರೆ, ಪೊದೆ ಅಥವಾ ಪಾಪಾಸುಕಳ್ಳಿಯ ಬುಡಕ್ಕೆ ಮುಖ ಮಾಡಿ ಮುಂಗಾಲಲ್ಲಿ ಕಸಕಡ್ಡಿ, ಮೇಲ್ಮಣ್ಣು ತಳ್ಳಿ ಮಾಡಿದ ತಗ್ಗು. ಚಿಪ್ಪಿನ ಮುಂಭಾಗ ಒಳಗೆ ಕೂರುವಷ್ಟು. ಹಿಂಭಾಗ ಎಷ್ಟೋ ಸಲ ಹೊರಗೇ ಇರುತ್ತೆ. ಅಗಲ ಚಿಪ್ಪಿನ ಅಗಲಕ್ಕಿಂತ ಸ್ವಲ್ಪವೇ ಜಾಸ್ತಿ, ನೆಲ ನುಣ್ಣಗೆ ಉಜ್ಜಿದ ಹಾಗೆ. ಬಳಕೆಯಲ್ಲಿದ್ದರೆ ಅದರೊಳಗೆ ಜೇಡರಬಲೆ, ಒಣ ಎಲೆ ಇರಲ್ಲ. ಒಂದೇ ಆಮೆ ಹಲವು ತಗ್ಗು ಬಳಸುತ್ತೆ, ಒಂದೇ ತಗ್ಗಿಗೆ ಬೇರೆ ಬೇರೆ ಆಮೆ ಬರುತ್ತೆ. ಹಾಗಾಗಿ ತಗ್ಗು ಎಣಿಸಿ "ಇಷ್ಟು ಆಮೆ ಇವೆ" ಅಂತ ಬರೆದ ವರದಿ ಕಂಡರೆ ಪಕ್ಕಕ್ಕಿಡಿ.

ಬಯಲುಸೀಮೆ_ಬಸ್ಯಾ:
ಏನ್ರೀ ಇದು, ಬಿಸಲಾಗ ಹಿಂದಿನ ಅರ್ಧಾ ಮೈ ಹೊರಗಿಟ್ಕೊಂಡು ಕುಂತ್ರ ಬೇಯಂಗಿಲ್ಲೇನ್ರೀ?

ಚಿಪ್ಪು_ಅಳತೆ:
ಪೊದೆ ಒತ್ತಾಗಿದ್ದರೆ ಬೇಯಲ್ಲ. ಕಾಪಾಡೋದು ತಗ್ಗಲ್ಲ, ಮೇಲಿನ ನೆರಳು. ಬೇಸಿಗೇಲಿ ಆಮೆ ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ತಿರುಗುತ್ತೆ, ನಡುಹಗಲು ನೆರಳು ಬಿಡಲ್ಲ. ನೆರಳು ತೆಗೆದು ತಗ್ಗು ಮಾತ್ರ ಉಳಿಸಿದರೆ ಅದು ಬಾಣಲೆ.

ನಡುಹಗಲು:
ಪೊದೆ ಅಂತ ಎಲ್ಲರೂ ಒಂದೇ ಉಸಿರಲ್ಲಿ ಹೇಳ್ತಿದ್ದೀರಿ. ಬುಡದಿಂದ ನೆತ್ತಿವರೆಗೆ ಲೋಮಾದ ಗಿಡ ಪಟ್ಟಿಪಟ್ಟಿಯಾಗಿ ಬದಲಾಗುತ್ತೆ, ಯಾಕಂದ್ರೆ ಉಪ್ಪು ಬದಲಾಗುತ್ತೆ. ಬಯಲಿನಲ್ಲಿ ಉಪ್ಪಿನ ಗಿಡಗಳು, ಬಾಟಿಸ್, ಸಾಲಿಕೋರ್ನಿಯಾ. ಬುಡದಲ್ಲಿ ಹಳದಿ ಹೂವಿನ ಬೊರ್ರಿಕಿಯಾ, ಅದರ ಮೇಲೆ ಗಲ್ಫ್ ಕಾರ್ಡ್ ಹುಲ್ಲಿನ ಗುಪ್ಪೆಗಳು. ಇಳಿಜಾರಿನಲ್ಲಿ ಪಾಪಾಸುಕಳ್ಳಿ, ಯುಕ್ಕಾ, ಬಿಡಿಬಿಡಿಯಾಗಿ ಮೆಸ್ಕೀಟ್ ಅನ್ನೋ ಮುಳ್ಳುಮರ. ಮಳೆ ಉಪ್ಪು ತೊಳೆದ ನೆತ್ತಿಯಲ್ಲಿ ಟೆಕ್ಸಾಸ್ ಎಬೊನಿ, ಗ್ರಾನ್ಹೇನೊ, ಬ್ರಾಸಿಲ್ ಸೇರಿ ಕೈ ಹಾಕಲಾಗದ ಮುಳ್ಳುಕಾಡು.

ಆಮೆ ಜಾಸ್ತಿ ಸಿಗೋದು ನೆತ್ತಿಯ ದಟ್ಟಕಾಡಲ್ಲಿ ಅಲ್ಲ, ಇಳಿಜಾರಿನ ಅಂಚಲ್ಲಿ. ನೆರಳು ಒಂದು ಹೆಜ್ಜೆಗೆ, ಹುಲ್ಲು-ಸೊಪ್ಪು ಇನ್ನೊಂದು ಹೆಜ್ಜೆಗೆ. ಈಗ ಮೊದಲ ಪ್ರಶ್ನೆಗೆ ಬನ್ನಿ. ಬೇಲಿಯನ್ನ ದಿಬ್ಬದ ಬುಡಕ್ಕೆ ಒತ್ತಿ ಹಾಕಿದ್ರೆ, ಕಂಬ ನೆಡೋಕೆ, ಗಾಡಿ ಓಡಿಸೋಕೆ ಅಂತ ಮೂರ್ನಾಲ್ಕು ಮೀಟರ್ ಸವರ್ತಾರಲ್ಲ, ಆ ಪಟ್ಟಿ ಯಾವುದು? ಆಮೆಗೆ ಬೇಕಾದ ಅಂಚೇ.

ತೆಂಕಣಗಾಳಿ:
ಇದು ನನಗೆ ಬೇಕಿದ್ದ ಮಾತು. ಒಂದು ಆಮೆಗೆ ಎಷ್ಟು ಜಾಗ ಬೇಕು?

ಚಿಪ್ಪು_ಅಳತೆ:
ಕರಾವಳಿ ಲೋಮಾ ಕಡೆ ಗಂಡಿಗೆ ಎರಡೂವರೆ ಹೆಕ್ಟೇರ್ ಆಸುಪಾಸು, ಹೆಣ್ಣಿಗೆ ಒಂದೂವರೆ ಅಂತ 1970ರ ದಶಕದ ಅಧ್ಯಯನದಲ್ಲೇ ಬಂದಿದೆ. ಒಳನಾಡಿನ ಒಣ ಕುರುಚಲಲ್ಲಿ ಇದಕ್ಕಿಂತ ಬಹಳ ದೊಡ್ಡದು. ಒಳನಾಡಿನ ಅಂಕಿ ತಂದು ಕರಾವಳಿಗೆ ಹಚ್ಚಬೇಡಿ, ಕರಾವಳಿಯದನ್ನ ಅಲ್ಲಿಗೂ ಒಯ್ಯಬೇಡಿ. ಚಿಕ್ಕ ಲೋಮಾ ಒಂದು ಹೆಕ್ಟೇರ್ ಇದ್ದರೆ ಅದರೊಳಗೆ ಕೂಡಿಹಾಕಿದ ಗಂಡು ಬೇಲಿಗುಂಟ ಸುತ್ತುತ್ತಲೇ ಇರುತ್ತೆ. ಲೋಮಾದಿಂದ ಲೋಮಾಗೆ ಬಯಲು ದಾಟಿ ಹೋಗೋದೂ ಉಂಟು. ಅದು ನಿಂತರೆ ಹತ್ತಾರು ಆಮೆಗಳ ಸಣ್ಣ ಗುಂಪು ಅಲ್ಲಲ್ಲೇ ಮುದಿಯಾಗುತ್ತೆ.

ಬಯಲುಸೀಮೆ_ಬಸ್ಯಾ:
ಪಾಪಾಸುಕಳ್ಳಿ ಅಂದ್ರಲ್ಲ, ಅದೇ ನಮ್ಮ ಹೊಲದ ಬೇಲಿ ಪಾಪಾಸುಕಳ್ಳಿನೇನು?

ನಡುಹಗಲು:
ಕುಲ ಒಂದೇ, ಜಾತಿ ಬೇರೆ. ಅಲ್ಲಿನದು ಒಪುಂಟಿಯಾ ಎಂಗಲ್ಮಾನಿಯೈ. ನಮ್ಮಲ್ಲಿ ಪಾಪಾಸುಕಳ್ಳಿ ಹೊರಗಿನಿಂದ ಬಂದ ಕಳೆ, ಅಲ್ಲಿ ಊರಿನ ಗಿಡ, ಆಮೆಗೆ ಊಟ, ನೀರು, ನೆರಳು ಮೂರೂ. ಹಾಳೆ (ಎಲೆಯಂತೆ ಕಾಣೋ ದಪ್ಪ ಹಸಿರು ಕಾಂಡ), ಹೂವು, ಹಣ್ಣು ಎಲ್ಲಾ ತಿನ್ನುತ್ತೆ. ಹಣ್ಣಿನ ಕಾಲದಲ್ಲಿ ಆಮೆಯ ಮೂತಿ, ಮುಂಗಾಲು ನೇರಳೆ ಬಣ್ಣ ಮೆತ್ತಿಕೊಂಡಿದ್ದರೆ ಯಾವ ಗಿಡದ ಬುಡದಿಂದ ಬಂತು ಅಂತ ಕೇಳೋದೇ ಬೇಡ. ಬೀಜ ಸಗಣಿ ಮೂಲಕ ಇನ್ನೊಂದು ಕಡೆ ಬೀಳುತ್ತೆ.

ಕುಡ್ಲದ_ಕಡಲು:
ದಕ್ಷಿಣ ಭಾರತದಲ್ಲಿ ಪಾಪಾಸುಕಳ್ಳಿ ಹಾವಳಿ ಇಳಿಸಿದ್ದು 1926ರಲ್ಲಿ ತಂದ ಕೊಚಿನೀಲ್ ಹುಳ ಅಲ್ವಾ? ಆ ಕಡೆಯವರು ಅದನ್ನೇ ಹೆದರ್ತಾರಾ?

ನಡುಹಗಲು:
ಕೊಚಿನೀಲ್ ಅಲ್ಲಿನ ಹಳೇ ನೆಂಟ, ಗಿಡವೂ ಹುಳವೂ ಅಮೆರಿಕ ಖಂಡದವೇ. ಅಲ್ಲಿ ಹೆದರೋದು ಕ್ಯಾಕ್ಟೊಬ್ಲಾಸ್ಟಿಸ್ ಪತಂಗಕ್ಕೆ. ಮೂಲ ದಕ್ಷಿಣ ಅಮೆರಿಕ. 1989ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡು ಗಲ್ಫ್ ಕರಾವಳಿಗುಂಟ ಪಶ್ಚಿಮಕ್ಕೆ ಹಬ್ಬಿದೆ. ಮೊಟ್ಟೆಗಳನ್ನ ಒಂದರ ಮೇಲೊಂದು ಪೇರಿಸಿ ಮುಳ್ಳಿನ ಹಾಗೆ ಕಡ್ಡಿಯಾಗಿ ಇಡುತ್ತೆ, ಅದಕ್ಕೇ ಕಣ್ಣಿಗೆ ಬೀಳಲ್ಲ. ಹಾಳೆ ಒಳಗೆ ಹುಳ ಹೊಕ್ಕರೆ ತೂತಿನಿಂದ ಹಸಿರು ಲೋಳೆ ಸೋರಿ ಹಾಳೆ ಟೊಳ್ಳು ಚೀಲವಾಗುತ್ತೆ. ಕಿತ್ತಳೆ-ಕೆಂಪು ಮೈ, ಕಪ್ಪು ಪಟ್ಟೆ ಇರುವ ಹುಳ ಸಿಕ್ಕರೆ ಅದೇ. ಆ ಹಾಳೆ ಕೊಯ್ದು ಚೀಲಕ್ಕೆ ಕಟ್ಟಿ ನಾಶ ಮಾಡಬೇಕು, ಬುಡದಲ್ಲೇ ಬಿಸಾಕಿದರೆ ಪ್ರಯೋಜನ ಇಲ್ಲ.

ಪೊದೆಗಾವಲು:
ಪತಂಗ ನಾಳಿನ ಚಿಂತೆ, ಗಿನಿ ಹುಲ್ಲು ಇವತ್ತಿನದು. ನಮ್ಮಲ್ಲಿ ಹಸುವಿಗೆ ಬೆಳೆಸೋ ಅದೇ ಗಿನಿ ಹುಲ್ಲು ದಕ್ಷಿಣ ಟೆಕ್ಸಾಸಿನಲ್ಲಿ ದೊಡ್ಡ ಕಳೆ. ಜೊತೆಗೆ ಬಫೆಲ್ ಹುಲ್ಲು. ಆಳೆತ್ತರ ಬೆಳೆದು ಅಂಚಿನ ತೆರಪನ್ನೆಲ್ಲ ಮುಚ್ಚುತ್ತೆ. ಸಣ್ಣ ಸೊಪ್ಪು ಮೊಳೆಯಲ್ಲ, 15-20 ಸೆಂಟಿಮೀಟರ್ ಚಿಪ್ಪಿನ ಆಮೆಗೆ ನುಗ್ಗೋಕೂ ಕಷ್ಟ. ಒಣಗಿದರೆ ಬೆಂಕಿಗೆ ತುಪ್ಪ. ಸಹಜ ಮುಳ್ಳುಪೊದೆಯ ಕೆಳಗೆ ಉರಿಯೋಕೆ ಅಷ್ಟು ಮೇವಿಲ್ಲ, ಬೆಂಕಿ ಅಂಚಲ್ಲೇ ಸಾಯುತ್ತೆ. ಗಿನಿ ಹುಲ್ಲು ಒಳಗೆ ಸೇರಿದ್ದರೆ ಬೆಂಕಿ ಪಾಪಾಸುಕಳ್ಳಿ, ಆಮೆ ಎರಡನ್ನೂ ತಗೊಂಡು ಹೋಗುತ್ತೆ.

ಮೂಡಣ_ಮೈದಾನ:
ದನ ಬಿಟ್ಟರಾಯ್ತಲ್ಲ. ಟೆಕ್ಸಾಸಿನದೇ ಚಾಪರಾಲ್ ವನ್ಯಜೀವಿ ಪ್ರದೇಶದಲ್ಲಿ ಮೇಯಿಸಿದ ಕಡೆಗೂ ಮೇಯಿಸದ ಕಡೆಗೂ ಹೋಲಿಸಿ, ಸರದಿ ಮೇಯಿಸಾಟದಿಂದ ಆಮೆಗೆ ಹಾನಿ ಕಾಣಲಿಲ್ಲ ಅಂತ 2001ರಲ್ಲಿ ಪ್ರಕಟವಾಗಿದೆ.

ಪೊದೆಗಾವಲು:
ಆ ಫಲಿತಾಂಶ ನಿಜ, ಜಾಗ ನೋಡಿ ಸ್ವಾಮಿ. ಚಾಪರಾಲ್ ಇರೋದು ಒಳನಾಡಲ್ಲಿ, ಮರಳುಗೋಡು ಮಣ್ಣು, ಸಾವಿರಾರು ಹೆಕ್ಟೇರ್. ಅಲ್ಲಿದ್ದದ್ದು ಮಿತವಾದ, ಸರದಿ ಪ್ರಕಾರದ, ಚಳಿಗಾಲ-ವಸಂತದ ಮೇಯಿಸಾಟ. ಲೋಮಾ ಇಳಿಜಾರಿನ ಒದ್ದೆ ಜೇಡಿ ಮೇಲೆ ದನದ ಗೊರಸು ಬಿದ್ದರೆ ಮಣ್ಣು ಒತ್ತಿ ಹೆಪ್ಪುಗಟ್ಟುತ್ತೆ, ನೀರು ಇಂಗೋದು ನಿಲ್ಲುತ್ತೆ, ಹೆಜ್ಜೆದಾರಿಯೇ ಕೊರಕಲಾಗುತ್ತೆ. ದಿಬ್ಬ ಒಣಗಿರುವಾಗ, ಕಡಿಮೆ ದನ, ಕಡಿಮೆ ದಿನ, ಹುಲ್ಲು ತಗ್ಗಿದ ತಕ್ಷಣ ಹೊರಗೆ ಅಂತಾದ್ರೆ ಯೋಚಿಸಬಹುದು. "ದನ ಬಿಟ್ಟರಾಯ್ತು" ಅನ್ನೋವಷ್ಟು ಸಲೀಸಲ್ಲ.

ಕೈಯಿಂದ ಮಾಡೋದಾದ್ರೆ: ಹುಲ್ಲನ್ನ ನೆಲದಿಂದ ಒಂದು ಗೇಣು ಬಿಟ್ಟು ಕೊಯ್ಯಿರಿ, ಏಕೆಂದರೆ ಬುಡದಲ್ಲಿ ಆಮೆ ಕೂತಿರಬಹುದು. ಬುಡಕ್ಕೇ ಬ್ರಷ್ ಕಟ್ಟರ್ ಬೀಸಿದರೆ ಚಿಪ್ಪು ಸೀಳುತ್ತೆ. ಕೊಯ್ಯುವ ಮುಂಚೆ ಒಬ್ಬರು ಕೋಲಲ್ಲಿ ಹುಲ್ಲು ಬಿಡಿಸಿ ನೋಡ್ತಾ ಹೋಗಬೇಕು. ಹೊಸ ಚಿಗುರು ಒಂದಡಿ ಬಂದಾಗ, ಗಾಳಿ ಇಲ್ಲದ ಬೆಳಗ್ಗೆ, ಕಳೆನಾಶಕವನ್ನ ಎಲೆಗೆ ಮಾತ್ರ ಒರೆಸಿ ಅಥವಾ ಹತ್ತಿರದಿಂದ ಸಿಂಪಡಿಸಿ. ಒಂದು ಸಲಕ್ಕೆ ಮುಗಿಯಲ್ಲ, ಮಣ್ಣಲ್ಲಿ ಬೀಜ ಇದೆ, ಪ್ರತಿ ಮಳೆ ಆದ ಮೇಲೆ ಹೋಗಿ ನೋಡಬೇಕು. ಸುತ್ತಲ ಹುಲ್ಲು ಹಾಗೇ ಬಿಟ್ಟು ದಿಬ್ಬ ಮಾತ್ರ ಕ್ಲೀನ್ ಮಾಡಿದ್ರೆ ಬೀಜ ಮತ್ತೆ ನುಗ್ಗುತ್ತೆ.

ನಡುಹಗಲು:
ತೆರವಾದ ಜಾಗಕ್ಕೆ ಪಾಪಾಸುಕಳ್ಳಿ ಹಾಕೋರು ಮಾಡೋ ಎಡವಟ್ಟು: ಕೊಯ್ದ ಹಾಳೆಯನ್ನ ಅದೇ ದಿನ ನೆಡ್ತಾರೆ, ನೀರೂ ಹೊಯ್ತಾರೆ, ಕೊಳೆಯುತ್ತೆ. ಗೆಣ್ಣಿನಲ್ಲಿ ಕೊಯ್ದು ನೆರಳಲ್ಲಿ ಒಂದೆರಡು ವಾರ ಇಟ್ಟು, ಗಾಯ ಒಣಗಿ ತೊಗಟೆ ಕಟ್ಟಿದ ಮೇಲೆ ಮೂರನೇ ಒಂದು ಭಾಗ ಮಣ್ಣಿಗೆ ಹೋಗುವ ಹಾಗೆ ನೆಟ್ಟಗೆ ನೆಡಿ. ಬುಡದ ಉಪ್ಪು ಪಟ್ಟಿಯಲ್ಲಿ ನೆಡಬೇಡಿ. 15 ಸೆಂಟಿಮೀಟರ್ ಆಳಕ್ಕೊಂದರಂತೆ ಮಣ್ಣಿನ ಮಾದರಿ ತೆಗೆದು ಉಪ್ಪು ನೋಡಿ, ಅಥವಾ ಸುಮ್ಮನೆ ಬೊರ್ರಿಕಿಯಾ ಎಲ್ಲಿ ಮುಗಿಯುತ್ತೋ ಅದಕ್ಕಿಂತ ಮೇಲೆ ನೆಡಿ. ಗಿಡವೇ ಮೀಟರು.

ಮೂಡಣ_ಮೈದಾನ:
ಒಂದು ತಕರಾರು. ಲಗೂನಾ ಅಟಾಸ್ಕೋಸಾ ಅಭಯಾರಣ್ಯ 1946ರಿಂದ ಇದೆ, ಅಲ್ಲಿ ಈಗ ಎಲ್ಲರ ಕಣ್ಣು ಒಸೆಲಾಟ್ ಅನ್ನೋ ಕಾಡುಬೆಕ್ಕಿನ ಮೇಲೆ. ಅದಕ್ಕೆ ಬೇಕಾದ್ದು ಶೇ 95ರಷ್ಟು ಮುಚ್ಚಿದ ಮುಳ್ಳುಕಾಡು. ಅದಕ್ಕೆ ಅಂತ ಸಸಿ ಒತ್ತೊತ್ತಾಗಿ ನೆಟ್ಟರೆ ನೀವು ಹೇಳೋ ಅಂಚು, ತೆರಪು ಎಲ್ಲಿ ಉಳಿಯುತ್ತೆ? ಬೆಕ್ಕಿಗೆ ದುಡ್ಡು ಬರುತ್ತೆ, ಆಮೆಗೆ ಬರಲ್ಲ.

ನಡುಹಗಲು:
ದಿಬ್ಬಪೂರ್ತಿ ಒಂದೇ ಸಾಂದ್ರತೆಗೆ ನೆಡಲೇಬೇಕು ಅಂತ ಯಾರು ಹೇಳಿದ್ರು? ನೆತ್ತಿ ಬೆಕ್ಕಿಗೆ, ಇಳಿಜಾರಿನ ಕೆಳಗಿನ ಅರ್ಧ ಗುಂಪುಗುಂಪಾಗಿ ಆಮೆಗೆ. ಕೆಳಗಡೆ ಉಪ್ಪಿಗೆ ಎಬೊನಿ ಸಸಿ ಹೇಗೂ ಸೊರಗುತ್ತೆ. ಅಲ್ಲಿ ದಟ್ಟಕಾಡು ಮಾಡ್ತೀನಿ ಅನ್ನೋದು ದುಡ್ಡು ದಂಡ.

ಮೂಡಣ_ಮೈದಾನ:
ಕಾಗದದ ಮೇಲೆ ಚೆಂದ. ಗುತ್ತಿಗೆದಾರ ಒಂದೇ ಅಳತೆಗೆ ಗುಂಡಿ ತೋಡ್ಕೊಂಡು ಹೋಗ್ತಾನೆ.

ತೆಂಕಣಗಾಳಿ:
ಜೇಡಿ_ಹದ ಅವರೇ, ಬಯಲು ತಾಯಿ ಅಂದ್ರಿ. ಹಡಗು ಕಾಲುವೆ ಪಕ್ಕದ ಆಳವಿಲ್ಲದ ಹಿನ್ನೀರು ಬಾಹಿಯಾ ಗ್ರಾಂಡೆ ವಿಷಯ ಏನಂತೀರಿ? ಅಲ್ಲಿ ಬಯಲಿಗೆ ನೀರು ಬಿಟ್ಟಿದ್ದೇ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ.

ಜೇಡಿ_ಹದ:
ಒಳ್ಳೆಯದೇ, ಎರಡೂ ಮಾತಿಗೆ ವಿರೋಧ ಇಲ್ಲ. 1930ರ ದಶಕದಲ್ಲಿ ಬ್ರೌನ್ಸ್‌ವಿಲ್ ಹಡಗು ಕಾಲುವೆ ತೋಡಿದರು, ಆಮೇಲೆ ಹೆದ್ದಾರಿ ಬಂತು, ಬಾಹಿಯಾ ಗ್ರಾಂಡೆಗೆ ನೀರಿನ ದಾರಿ ಕಟ್ಟಾಯ್ತು. ದಶಕಗಟ್ಟಲೆ ಒಣಗಿದ ತಳದಿಂದ ಧೂಳು ಎದ್ದು ಸುತ್ತಲ ಊರಿಗೆ ಕಾಟ. 2005ರಲ್ಲಿ ಕಾಲುವೆ ಕಡಿದು ನೀರು ಬಿಟ್ಟರು, ಮೀನು, ಹಕ್ಕಿ ವಾಪಸ್ ಬಂದವು.

ಲೋಮಾ ಕಟ್ಟೋಕೆ ಬೇಕಾದ್ದು ಸದಾ ಒಣಗಿದ ತಳವೂ ಅಲ್ಲ, ಸದಾ ತುಂಬಿದ ನೀರೂ ಅಲ್ಲ. ಉಪ್ಪುನೀರು ಬಂದು ಹೋಗಬೇಕು. ಸದಾ ಒಣಗಿದ್ದರೆ ಕಾಳಿನ ಜೊತೆ ಬಿಡಿ ಧೂಳು ಏಳುತ್ತೆ, ಧೂಳು ದಿಬ್ಬದ ಅಂಚಲ್ಲಿ ನಿಲ್ಲಲ್ಲ, ಮೈಲಿಗಟ್ಟಲೆ ಹಾರಿಹೋಗುತ್ತೆ. ಸದಾ ನೀರು ನಿಂತರೆ ಕಾಳೇ ಆಗಲ್ಲ, ಮೇಲಾಗಿ ಅಲೆ ದಿಬ್ಬದ ಬುಡ ಕಡಿಯುತ್ತೆ. ನದಿಮುಖಜ ಭೂಮಿಗೆ ಹೊಸ ಹೂಳು ಬರೋದು ಅಣೆಕಟ್ಟುಗಳಿಂದ ಕಮ್ಮಿಯಾಗಿದೆ, ಕಡಲಮಟ್ಟ ಏರ್ತಿದೆ. ನನ್ನ ದೃಷ್ಟಿಯಲ್ಲಿ ಮುಂದಿನ ಅಪಾಯ ಬುಲ್ಡೋಜರಿಗಿಂತ ಇದು: ಬಯಲು ಒಣಗೋದೇ ನಿಂತು ಲೋಮಾಗಳು ದ್ವೀಪ ಆಗೋದು.

ಬಯಲನ್ನ ಬಳಸ್ಕೊಳ್ಳೋಣ ಅನ್ನೋರಿಗೆ ಇನ್ನೊಂದು. ಒದ್ದೆ ಬಯಲಲ್ಲಿ ಒಂದು ಜೀಪು ಓಡಿದ್ರೆ ಚಕ್ರದ ಗುರುತು ವರ್ಷಗಟ್ಟಲೆ ಉಳಿಯುತ್ತೆ. ನೀರು ಆ ಗೀರಿನಲ್ಲೇ ಹರಿದು ಬಯಲು ನೆನೆಯೋ ರೀತಿಯೇ ಬದಲಾಗುತ್ತೆ. ಆಗ್ನೇಯ ಅಂಚಿಗೆ ಕಟ್ಟಡ, ಎತ್ತರದ ರಸ್ತೆ ಬಂದ್ರೆ ಗಾಳಿಯೂ ತಡೆ. ಬೇಲಿ ಎಲ್ಲೇ ಹಾಕಿ, ದಿಬ್ಬದ ಆಗ್ನೇಯಕ್ಕಿರುವ ಬಯಲನ್ನ ಖಾಲಿ ಬಿಡದೇ ಲೋಮಾ ಉಳಿಸ್ತೀವಿ ಅನ್ನೋದು ಬೇರು ಕಡಿದು ಎಲೆಗೆ ನೀರು ಹಾಕಿದ ಹಾಗೆ.

ಕುಡ್ಲದ_ಕಡಲು:
ಚಂಡಮಾರುತ ಬಂದ್ರೆ?

ಪೊದೆಗಾವಲು:
1967ರ ಬ್ಯೂಲಾ, 2008ರ ಡಾಲಿ, 2020ರ ಹಾನ್ನಾ, ಮೂರೂ ಈ ದಕ್ಷಿಣ ಟೆಕ್ಸಾಸ್ ಕರಾವಳಿಗೇ ಬಂದವು. ಬಯಲು ಮುಳುಗಿದಾಗ ಆ ಭಾಗದಲ್ಲಿ ಒಣಗಿ ಉಳಿಯೋ ನೆಲ ಅಂದ್ರೆ ಲೋಮಾದ ಮೇಲ್ಭಾಗ. ಬುಡದಲ್ಲಿ ಮೊಟ್ಟೆ ಇದ್ದರೆ ಹೋಯ್ತು. ಮಧ್ಯ ಇಳಿಜಾರಿನಿಂದ ಮೇಲಕ್ಕೆ ದಾರಿ ತೆರೆದಿರಬೇಕು. ಅಡ್ಡ ತಡೆಗೋಡೆ, ಚರಂಡಿ ಇದ್ದರೆ ಆಮೆ ಅಲ್ಲೇ ಸಿಕ್ಕಿಕೊಳ್ಳುತ್ತೆ.

ಬಯಲುಸೀಮೆ_ಬಸ್ಯಾ:
ತತ್ತಿ ಎಷ್ಟ ಇಡ್ತದ? ನಮ್ಮ ಹೊಳಿ ಆಮಿ ಗತೆ ರಾಶಿ ಇಡ್ತದೇನು?

ಚಿಪ್ಪು_ಅಳತೆ:
ಇಲ್ಲ, ಒಂದು ಸಲಕ್ಕೆ ಎರಡು-ಮೂರು, ಹೆಚ್ಚೆಂದರೆ ನಾಲ್ಕೈದು. ಮಜಾ ಇರೋದು ಗಾತ್ರದಲ್ಲಿ. ಮೇಲ್ಚಿಪ್ಪಿಗೂ ಹೊಟ್ಟೆಚಿಪ್ಪಿಗೂ ಹಿಂದುಗಡೆ ಇರೋ ಸಂದಿಗಿಂತ ಮೊಟ್ಟೆಯೇ ದಪ್ಪ. ಹೆಣ್ಣಿನ ಹೊಟ್ಟೆಚಿಪ್ಪಿನ ಹಿಂಭಾಗ ಸ್ವಲ್ಪ ಬಾಗುತ್ತೆ, ಅದರಿಂದ ಹೊರಬರುತ್ತೆ. ಅದಕ್ಕೇ ಮೊಟ್ಟೆ ಉದ್ದುದ್ದ. ಬೇಸಿಗೆಯಲ್ಲಿ ಇಡುತ್ತೆ, ಮರಿ ಬರೋಕೆ ಮೂರು-ನಾಲ್ಕು ತಿಂಗಳು. ಮೊಟ್ಟೆ ಇಷ್ಟು ಕಮ್ಮಿ ಅಂದ್ಮೇಲೆ ದೊಡ್ಡ ಹೆಣ್ಣುಗಳು ರಸ್ತೇಲಿ ಸತ್ತರೆ ಗುಂಪು ತುಂಬಿಕೊಳ್ಳೋಕೆ ಬಹಳ ಕಾಲ ಬೇಕು. ಮರಿ ಬಿಟ್ಟು ತುಂಬಿಸ್ತೀವಿ ಅನ್ನೋದು ಲೆಕ್ಕಕ್ಕೆ ಬರೋ ಮಾತಲ್ಲ.

ಮೂಡಣ_ಮೈದಾನ:
ಜನ ಮನೇಲಿ ಸಾಕಿದ್ದನ್ನ ತಂದು ಬಿಡ್ತಾರಲ್ಲ, ಅದು?

ಚಿಪ್ಪು_ಅಳತೆ:
ಮೊದಲಿಗೆ, ಪರವಾನಗಿ ಇಲ್ಲದೆ ಸಾಕೋದೇ ಟೆಕ್ಸಾಸಿನಲ್ಲಿ ಕಾನೂನುಬಾಹಿರ. ಎರಡನೇದು, ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ. ಗೋಫೆರಸ್ ಆಮೆಗಳಿಗೆ ಅದರಿಂದ ಬರೋದು ಉಸಿರಾಟದ ಕಾಯಿಲೆ: ಮೂಗಲ್ಲಿ ನೀರು, ಕಣ್ಣುರೆಪ್ಪೆ ಊತ, ಉಸಿರಾಡುವಾಗ ಸದ್ದು. ನೋಡೋಕೆ ಆರೋಗ್ಯವಾಗಿರೋ ಆಮೆಯೂ ಸೋಂಕು ಹೊತ್ತಿರಬಹುದು. ನೂರು ಹೆಕ್ಟೇರಿನ ಲೋಮಾಕ್ಕೆಲ್ಲ ಕಾಯಿಲೆ ತರೋಕೆ ಅಂಥ ಒಂದೇ ಆಮೆ ಸಾಕು. ಯಾರಾದ್ರೂ ತಂದು ಬಿಟ್ಟರೆ ವನ್ಯಜೀವಿ ಇಲಾಖೆಗೆ ತಿಳಿಸಬೇಕು, ಪಕ್ಕದ ದಿಬ್ಬಕ್ಕೆ ಸಾಗಿಸಬಾರದು.

ಸಮೀಕ್ಷೆ ಮಾಡೋರಿಗೂ ಇದೇ ಕಾರಣಕ್ಕೆ ಶಿಸ್ತು ಬೇಕು. ಪ್ರತಿ ಆಮೆಗೆ ಹೊಸ ಕೈಗವಸು. ಚಿಪ್ಪು ಅಳೆಯೋ ಕ್ಯಾಲಿಪರನ್ನ ಒಂದಾದ ಮೇಲೊಂದಕ್ಕೆ ಹಾಗೇ ಹಚ್ಚಬೇಡಿ, ಸೋಂಕುನಾಶಕದಲ್ಲಿ ಅದ್ದಿ ಒರೆಸಿ. ನೆಲಮಟ್ಟದಲ್ಲೇ ಹಿಡೀರಿ, ಎತ್ತಿ ಅಲ್ಲಾಡಿಸಿದರೆ ಹೆದರಿ ಮೂತ್ರ ಬಿಡುತ್ತೆ. ಆ ಮೂತ್ರಕೋಶ ಒಣಗಾಲಕ್ಕೆ ಅದರ ನೀರಿನ ಡ್ರಮ್ಮು. ಮೂತ್ರ ಬಿಟ್ಟುಬಿಟ್ಟಿದ್ದರೆ ಗಲ್ಲ ಮುಟ್ಟದಷ್ಟು ನೀರಿರೋ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಇಟ್ಟು, ಸಿಕ್ಕಿದ ತಗ್ಗಿನಲ್ಲೇ, ಅದೇ ದಿಕ್ಕಿಗೆ ವಾಪಸ್ ಇಡಿ. ರೇಡಿಯೋ ಅಂಟಿಸೋದಾದ್ರೆ ಎಪಾಕ್ಸಿ ಅಂಟು ಚಿಪ್ಪಿನ ಒಂದೇ ಫಲಕದ ಮೇಲೆ ಇರಲಿ, ಎರಡು ಫಲಕದ ಹೊಲಿಗೆ ಮೇಲೆ ಹರಡಿದ್ರೆ ಎಳೇ ಆಮೆಯ ಚಿಪ್ಪು ಡೊಂಕಾಗಿ ಬೆಳೆಯುತ್ತೆ.

ಕುಡ್ಲದ_ಕಡಲು:
ನಮ್ಮ ಕರಾವಳಿಯಲ್ಲಿ ಜೇಡಿ ದಿಬ್ಬ ಯಾಕಿಲ್ಲ? ಜೇಡಿಗೇನೂ ಬರ ಇಲ್ಲವಲ್ಲ.

ಜೇಡಿ_ಹದ:
ಮಳೆ. ಬ್ರೌನ್ಸ್‌ವಿಲ್ ಕಡೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು, ಮಂಗಳೂರಲ್ಲಿ 3,000 ದಾಟುತ್ತೆ. ಕಾಳು ಆಗೋ ಮುಂಚೆ ಉಪ್ಪೇ ತೊಳೆದು ಹೋಗುತ್ತೆ.

ಬಯಲುಸೀಮೆ_ಬಸ್ಯಾ:
ನಮ್ಮಲ್ಲಿ ಒಣ ಕುರುಚಲಾಗ ಇರೋದು ನಕ್ಷತ್ರ ಆಮಿ. ಅದಕ್ಕೂ ಹಿಂಗ ಅಂಚು, ಪೊದಿ ಬೇಕಾಗ್ತದ. ಬಳ್ಳಾರಿ ಜಾಲಿ ತುಂಬಿದ ಮ್ಯಾಲ ಎಲ್ಲಿ ಹುಲ್ಲು, ಎಲ್ಲಿ ಸೊಪ್ಪು? ಮ್ಯಾಲ ಕಳ್ಳಸಾಗಾಣಿಕಿ ಬ್ಯಾರೆ. 2019ರಾಗ ಸೈಟಿಸ್ ಅನ್ನೋ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಒಂದನೇ ಪಟ್ಟಿಗೆ ಏರಿಸ್ಯಾರ.

ನಡುಹಗಲು:
ಅದಕ್ಕೆ ಬೇರೆ ಎಳೆ ತೆರೀರಿ ಬಸ್ಯಾ ಅವರೇ, ಇಲ್ಲಿ ಹಾಕಿದ್ರೆ ಕಳೆದುಹೋಗುತ್ತೆ. ಬಳ್ಳಾರಿ ಜಾಲಿ ಮೆಸ್ಕೀಟಿನ ಹತ್ತಿರದ ನೆಂಟ ಅನ್ನೋದನ್ನೂ ಅಲ್ಲೇ ಮಾತಾಡೋಣ.

ತೆಂಕಣಗಾಳಿ:
ಹಾಗಾದ್ರೆ ಬೇಲಿ ಬೇಡವೇ ಬೇಡ ಅಂತೀರಾ?

ಪೊದೆಗಾವಲು:
ರಸ್ತೆ ಬದಿಗೆ ಬೇಕು, ದಿಬ್ಬದ ಸುತ್ತ ಬೇಡ. ಆಮೆ ತಡೆಯೋ ಬೇಲಿಗೆ ಮರುಭೂಮಿ ಆಮೆಗೆ ಬಳಸೋ ಅಳತೆ ಸಾಕು: 90 ಸೆಂಟಿಮೀಟರ್ ಅಗಲದ ವೆಲ್ಡೆಡ್ ಮೆಶ್, ಕಣ್ಣು ಅಡ್ಡ 2.5, ಉದ್ದ 5 ಸೆಂಟಿಮೀಟರ್, 60 ನೆಲದ ಮೇಲೆ, 30 ಒಳಗೆ. ಹೂಳೋಕೆ ಆಗದಷ್ಟು ಗಟ್ಟಿ ಇದ್ದರೆ ಆ 30 ಸೆಂಟಿಮೀಟರನ್ನ ಆಮೆ ಇರೋ ಕಡೆಗೆ ಬಗ್ಗಿಸಿ ನೆಲಕ್ಕೆ ಚಪ್ಪಟೆಯಾಗಿ ಹಾಸಿ ಕಲ್ಲು ಹೇರಿ. ಬೇಲಿಯನ್ನ ಆಮೆ ದಾಟೋಕೆ ರಸ್ತೆ ಕೆಳಗಿರೋ ಮೋರಿಯ ಬಾಯಿಗೆ ಒಯ್ದು ಮುಟ್ಟಿಸಬೇಕು, ಇಲ್ಲದಿದ್ರೆ ಅದು ಗೋಡೆ ಅಷ್ಟೆ. ರಸ್ತೆ ಮಧ್ಯೆ ಕಾಂಕ್ರೀಟ್ ತಡೆ ಇರೋ ಕಡೆ ಆಮೆ ಅರ್ಧಕ್ಕೆ ಸಿಕ್ಕಿಬೀಳುತ್ತೆ, ಮೊದಲು ಆ ಜಾಗ ಮುಚ್ಚಿ.

ಹೊಸ ಬೇಲಿಯ ಮೊದಲ ಬೇಸಿಗೆ ಅತಿ ಕೆಟ್ಟದ್ದು. ದಾಟಿ ಅಭ್ಯಾಸ ಇದ್ದ ಆಮೆ ಬೇಲಿಗುಂಟ ಹಿಂದಕ್ಕೂ ಮುಂದಕ್ಕೂ ನಡೆದು ಬಿಸಿಲಿಗೆ ಸಾಯುತ್ತೆ. ಅಲ್ಲಲ್ಲಿ ಬೇಲಿಗೆ ಒತ್ತಿ ಉದ್ದುದ್ದ ಸೀಳಿದ ಅಗಲ ಪೈಪನ್ನ ಬೋರಲು ಹಾಕಿ ಮಣ್ಣು ಹೊದಿಸಿ ನೆರಳು ಕೊಡಿ. ಆ ಋತುಪೂರ್ತಿ ದಿನಾ ಬೆಳಿಗ್ಗೆ, ಬಿಸಿಲೇರೋ ಮುಂಚೆ ಒಬ್ಬರು ಉದ್ದಕ್ಕೂ ನಡೆದು ನೋಡಲೇಬೇಕು. ಅಷ್ಟು ದಿನ ಆಳು ಕೊಡಲ್ಲ ಅಂದ್ರೆ ಬೇಲಿ ಚಳಿಗಾಲದಲ್ಲಿ ಹಾಕಿ.

ಮೂಡಣ_ಮೈದಾನ:
ಚಳಿಗಾಲದಲ್ಲಿ ಹಾಕಿದ್ರೂ ಬೇಸಿಗೆ ಬಂದೇ ಬರುತ್ತಲ್ಲ?

ಪೊದೆಗಾವಲು:
ಬರುತ್ತೆ. ಆದ್ರೆ ಏಪ್ರಿಲ್‌ನ ತಂಪು ಬೆಳಗಲ್ಲೇ ಅದು ಬೇಲಿ ಇದೆ ಅಂತ ಕಲಿತಿರುತ್ತೆ, ಜುಲೈ ಬಿಸಿಲಲ್ಲಿ ಮೊದಲ ಸಲ ಎದುರಾಗೋದಿಲ್ಲ. ಆಳು ಇಡೋದಂತೂ ತಪ್ಪಲ್ಲ, ದಿನಗಳು ಕಮ್ಮಿಯಾಗ್ತವೆ ಅಷ್ಟೆ.